ನಿಧಾನ ಕಣೇ

ನಮ್ಮ ಅಡುಗೆಮನೆಯಲ್ಲಿ ಫ್ರಿಜ್ಜಿನ ಪಕ್ಕದ ಮೊಳೆಗೆ ಒಂದು ಕ್ಯಾಲೆಂಡರು ನೇತಾಡುತ್ತಿರುತ್ತದೆ. ಇಂಡಿಯನ್ ಅಂಗಡಿಯವರು ಡಿಸೆಂಬರಿನಲ್ಲಿ ಪುಕ್ಕಟೆ ಕೊಡುವಂಥದ್ದು. ವರ್ಷ ಮುಗಿದರೆ ಹಳೆಯದು ಕಸದ ಬುಟ್ಟಿಗೆ ಹೋಗುತ್ತದೆ. 2018ರದ್ದು, 2019ರದ್ದು ಇವೆರಡನ್ನು ಮಾತ್ರ ಎಸೆಯಲಿಲ್ಲ, ಸುರುಳಿ ಸುತ್ತಿ ಬೀರುವಿನ ಮೇಲಿಟ್ಟಿದ್ದೇನೆ. ಲಕ್ಷ್ಮಿಯ ಪಾದದ ಕೆಳಗಿನ ತಾರೀಕಿನ ಚೌಕಗಳಲ್ಲಿ ಪೆನ್ಸಿಲಿನಲ್ಲಿ ಬರೆದ ಅಂಕಿಗಳಿವೆ: 45, 30, 1-10, ರಾ 40. ಆ ವರ್ಷ ಊರಿಂದ ಬಂದಿದ್ದ ನಮ್ಮ ಚಿಕ್ಕಮ್ಮ ಅದನ್ನು ನೋಡಿ, "ಇಲ್ಲೂ ಹಾಲಿನವನು ಬರ್ತಾನೇನೇ?" ಎಂದು ಕೇಳಿದ್ದರು. ಕೇಳಿದ್ದರಲ್ಲಿ ತಪ್ಪೇನಿಲ್ಲ. ತಿಪಟೂರಿನಲ್ಲಿ ಅಮ್ಮ ಹಾಲಿನ ಲೆಕ್ಕ ಇಡುತ್ತಿದ್ದದ್ದೂ ಹೀಗೆಯೇ. ಅರ್ಧ ಲೀಟರು ಹೆಚ್ಚು ಹಾಕಿಸಿಕೊಂಡರೆ ಒಂದು ಗೀಟು, ಹಾಲಿನವನು ಬರದ ದಿನ ಒಂದು ಸೊನ್ನೆ.

ನಾನು ಬರೆದಿಟ್ಟದ್ದು ಮಗಳು ಕಾರು ಓಡಿಸಿದ ನಿಮಿಷಗಳನ್ನು. 'ರಾ' ಅಂದರೆ ರಾತ್ರಿ.

ಕ್ಯಾಲಿಫೋರ್ನಿಯಾದಲ್ಲಿ ಹದಿನೈದೂವರೆ ತುಂಬಿದ ಮಕ್ಕಳು ಕಲಿಯುವವರ ಪರ್ಮಿಟ್ಟಿಗೆ ಅರ್ಜಿ ಹಾಕಬಹುದು. ಅದಕ್ಕೊಂದು ಲಿಖಿತ ಪರೀಕ್ಷೆ. ಆಗ 46 ಪ್ರಶ್ನೆಗಳಿದ್ದವು, 38ಕ್ಕೆ ಸರಿಯುತ್ತರ ಬರೆಯಬೇಕಿತ್ತು. ಪರ್ಮಿಟ್ಟು ಬಂದ ಮೇಲೆ ಕಡಿಮೆಯೆಂದರೆ ಆರು ತಿಂಗಳು ಕಾಯಬೇಕು. ಆ ಆರು ತಿಂಗಳಲ್ಲಿ ಡ್ರೈವಿಂಗ್ ಸ್ಕೂಲಿನವರ ಜೊತೆ ಆರು ಗಂಟೆ, ಮನೆಯ ದೊಡ್ಡವರನ್ನು ಪಕ್ಕದಲ್ಲಿ ಕೂರಿಸಿಕೊಂಡು 50 ಗಂಟೆ ಓಡಿಸಬೇಕು. ಆ ಐವತ್ತರಲ್ಲಿ ಹತ್ತು ಗಂಟೆ ಕತ್ತಲಾದ ಮೇಲೆ. ಹದಿನಾರು ತುಂಬಿದ ಮೇಲೆ ರಸ್ತೆ ಪರೀಕ್ಷೆ. ಐವತ್ತು ಗಂಟೆ ಆಯಿತೋ ಇಲ್ಲವೋ ಎಂದು ಯಾರೂ ಮನೆಗೆ ಬಂದು ನೋಡುವುದಿಲ್ಲ, ಅಪ್ಪ ಅಮ್ಮನ ಸಹಿಯೇ ಸಾಕ್ಷಿ. ಮಗು ಯಾರಿಗಾದರೂ ಗುದ್ದಿದರೆ ನಷ್ಟ ತುಂಬಿಕೊಡುವ ಹೊಣೆ ನಮ್ಮದು ಎಂದು ಮೊದಲೇ ಇನ್ನೊಂದು ಸಹಿ ಹಾಕಿಸಿಕೊಂಡಿರುತ್ತಾರೆ. ಆ ಸಹಿ ಹಾಕಿದ ಕೈಗೆ ಈ ಸಹಿಯಲ್ಲಿ ಸುಳ್ಳು ಹೇಳಲು ಧೈರ್ಯ ಬರಲಿಲ್ಲ. ಅದಕ್ಕೇ ಕ್ಯಾಲೆಂಡರು.

ಇನ್ನೊಂದು ಕಾರಣವೂ ಇತ್ತು. ಹದಿನಾರು ವರ್ಷಕ್ಕೆ ನನ್ನ ಕೈಗೂ ಒಂದು ಗಾಡಿ ಬಂದಿತ್ತು. ಐವತ್ತು ಸಿಸಿಯೊಳಗಿನ, ಗೇರಿಲ್ಲದ ಗಾಡಿಗೆ ನಮ್ಮಲ್ಲಿ ಹದಿನಾರಕ್ಕೇ ಲೈಸೆನ್ಸು ಕೊಡುತ್ತಾರೆ. ಅಪ್ಪ ಒಂದು ಹಳೆಯ ಲೂನಾ ಕೊಡಿಸಿದರು. ಲೈಸೆನ್ಸು ಏಜೆಂಟರೊಬ್ಬರ ಕೈಯಿಂದ ಮನೆಗೇ ಬಂತು. ನಾನು ಎಂಟು ಹಾಕಲಿಲ್ಲ, ಯಾರೂ ಹಾಕು ಅನ್ನಲೂ ಇಲ್ಲ. ಕಲಿಸಿದ್ದು ಅಂತ ಏನಾದರೂ ಇದ್ದರೆ ಅದು ಅಪ್ಪ ಗೇಟಿನ ಹತ್ತಿರ ನಿಂತು ಹೇಳುತ್ತಿದ್ದ ಮೂರು ಮಾತು: "ಹುಷಾರು. ನೋಡ್ಕೊಂಡ್ ಹೋಗು. ನಿಧಾನ ಕಣೇ." ಗೇಟು ದಾಟಿ ಎರಡು ತಿರುವು ಕಳೆದರೆ ಬಿ.ಎಚ್. ರೋಡು, ಕಾಯಿ ತುಂಬಿದ ಲಾರಿಗಳು. ಒಂದೊಂದರ ಹಿಂದೆಯೂ 'ನಿಧಾನವೇ ಪ್ರಧಾನ' ಎಂದು ಬರೆದಿರುತ್ತಿತ್ತು, ಲಾರಿ ಮಾತ್ರ ಬಾಣದ ಹಾಗೆ ಹೋಗುತ್ತಿತ್ತು.

ಮದುವೆಯಾಗಿ 2001ರಲ್ಲಿ ಫ್ರೀಮಾಂಟಿಗೆ ಬಂದಾಗ ನನಗೆ ಕಾರಿನ ಸ್ಟೀರಿಂಗು ಮುಟ್ಟಿಯೂ ಗೊತ್ತಿರಲಿಲ್ಲ. ಅವಲಂಬಿತರ ಎಚ್-4 ವೀಸಾದಲ್ಲಿ ಬಂದ ಹೆಂಗಸರು ನನ್ನ ಮಾತು ಕೇಳಿದರೆ ತಲೆಯಾಡಿಸುತ್ತಾರೆ. ಇವರು ಬೆಳಿಗ್ಗೆ ಕಾರು ತೆಗೆದುಕೊಂಡು ಆಫೀಸಿಗೆ ಹೋದರೆ ನಾನು ಎರಡನೇ ಮಹಡಿಯ ಬಾಲ್ಕನಿಯಲ್ಲಿ ನಿಂತು ಪಾರ್ಕಿಂಗ್ ಜಾಗದ ಎಣ್ಣೆ ಕಲೆ ನೋಡುತ್ತಿದ್ದೆ. ಹಾಲು, ತರಕಾರಿ, ದೇವಸ್ಥಾನ, ಡಾಕ್ಟರು, ಎಲ್ಲಕ್ಕೂ ಸಂಜೆ ಆರೂವರೆಯಾಗಬೇಕು. ಇವರು ಕಲಿಸಲು ಹೊರಟರು. ಗಂಡ ಹೆಂಡತಿಗೆ ಕಾರು ಕಲಿಸುವುದರ ಬಗ್ಗೆ ನಾನು ಹೊಸದಾಗಿ ಹೇಳಬೇಕಾದ್ದು ಏನೂ ಇಲ್ಲ. ಮೂರನೆಯ ಭಾನುವಾರ ನಾನು ಕಾರು ನಿಲ್ಲಿಸಿ, ಬಾಗಿಲು ತೆಗೆದು, ಒಂದೂವರೆ ಮೈಲಿ ನಡೆದು ಮನೆಗೆ ಬಂದೆ. ಎರಡು ದಿನ ಮನೆಯಲ್ಲಿ ಕುಕ್ಕರಿನ ವಿಷಲ್ಲಷ್ಟೇ ಮಾತಾಡಿತು.

ಕೊನೆಗೆ ಕಲಿಸಿದ್ದು ವಿಯೆಟ್ನಾಮಿನ ಒಬ್ಬ ವಯಸ್ಸಾದವರು. ಅವರ ಇಂಗ್ಲಿಷು ನನ್ನದಕ್ಕಿಂತ ಸಣ್ಣದು. "ಮೋರ್ ಗ್ಯಾಸ್, ಮೋರ್ ಗ್ಯಾಸ್" ಎನ್ನುತ್ತಿದ್ದರು. ಇಲ್ಲಿ ಪೆಟ್ರೋಲಿಗೆ ಗ್ಯಾಸ್ ಅನ್ನುತ್ತಾರೆಂದು ಗೊತ್ತಿದ್ದರೂ ಪ್ರತಿಸಲ ಒಲೆಯ ಮೇಲೆ ಏನೋ ಇಟ್ಟು ಬಂದ ಹಾಗೆ ಬೆಚ್ಚುತ್ತಿದ್ದೆ. ಮೊದಲ ಪರೀಕ್ಷೆಯಲ್ಲಿ ಎಡಕ್ಕೆ ತಿರುಗಿ ತಿಪಟೂರಿನ ಅಭ್ಯಾಸದಲ್ಲಿ ರಸ್ತೆಯ ಎಡಭಾಗಕ್ಕೇ ಸೇರಿದೆ, ಅಲ್ಲಿಗೆ ಮುಗಿಯಿತು. ಎರಡನೆಯದರಲ್ಲಿ ಹೆಗಲ ಮೇಲಿಂದ ತಿರುಗಿ ನೋಡಲಿಲ್ಲ ಎಂದು ಗೀಟಿನ ಮೇಲೆ ಗೀಟು. ಮೂರನೆಯದರಲ್ಲಿ ಪಾಸಾದೆ. ಅದು 2004, ಮಗಳಿಗೆ ಹತ್ತು ತಿಂಗಳು. ಲೈಸೆನ್ಸು ಬಂದ ಮರುದಿನ ಅವಳನ್ನು ಹಿಂದಿನ ಸೀಟಿನಲ್ಲಿ ಕಟ್ಟಿ ಕೂರಿಸಿ, ಎಲ್ಲಿಗೂ ಹೋಗುವುದಿಲ್ಲದಿದ್ದರೂ ಲೇಕ್ ಎಲಿಜಬೆತ್ ಕೆರೆಯವರೆಗೆ ಹೋಗಿ, ಬಾತುಕೋಳಿ ತೋರಿಸಿಕೊಂಡು ಬಂದೆ.

ಹೀಗಾಗಿ 2018ರ ಅಕ್ಟೋಬರಿನಲ್ಲಿ ಅವಳ ಕೈಗೆ ಪರ್ಮಿಟ್ಟು ಬಂದಾಗ ನಾನು ಇವರಿಗೆ ಖಂಡಿತವಾಗಿ ಹೇಳಿದೆ: ಇವಳಿಗೆ ಕಲಿಸುವುದು ನಾನು, ಕೂಗಾಡದೆ ಕಲಿಸುತ್ತೇನೆ. ಇವರು ನಕ್ಕರು. ಆ ನಗುವಿನ ಅರ್ಥ ನನಗೆ ಮೊದಲ ಭಾನುವಾರವೇ ತಿಳಿಯಿತು.

ಓಲೋನಿ ಕಾಲೇಜಿನ ಪಾರ್ಕಿಂಗ್ ಜಾಗ ಭಾನುವಾರ ಬೆಳಿಗ್ಗೆ ಕಣದ ಹಾಗೆ ಖಾಲಿ ಬಿದ್ದಿರುತ್ತದೆ. ಪೂರ್ವಕ್ಕೆ ಮಿಷನ್ ಪೀಕ್ ಬೆಟ್ಟ, ಅಕ್ಟೋಬರಿನಲ್ಲಿ ಒಣಗಿ ಸಿಂಹದ ಬಣ್ಣಕ್ಕೆ ತಿರುಗಿರುತ್ತದೆ. ನಮ್ಮ 2009ರ ಕರೋಲಾದ ಹಿಂದೆ 'ಕಲಿಯುತ್ತಿದ್ದಾರೆ, ದಯವಿಟ್ಟು ತಾಳ್ಮೆಯಿರಲಿ' ಎಂಬರ್ಥದ ಹಳದಿ ಅಯಸ್ಕಾಂತದ ಪಟ್ಟಿ ಅಂಟಿಸಿದೆವು. ಮಗಳು ಸೀಟು ಮುಂದೆಳೆದು, ಕನ್ನಡಿ ಸರಿಮಾಡಿ, ಬೆಲ್ಟು ಹಾಕಿ ನನ್ನ ಮುಖ ನೋಡಿದಳು. ನಾನು "ಹುಷಾರು" ಎಂದೆ. ಕಾರು ಇನ್ನೂ ಅಲುಗಿಯೇ ಇರಲಿಲ್ಲ.

ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಪಕ್ಕದವರಿಗೂ ಒಂದು ಬ್ರೇಕು ಇರುತ್ತದೆ. ನನ್ನ ಕಾಲಡಿ ಇದ್ದದ್ದು ರಬ್ಬರಿನ ಮ್ಯಾಟು. ಆ ಆರು ತಿಂಗಳಲ್ಲಿ ನನ್ನ ಬಲಗಾಲಿನ ಹಿಮ್ಮಡಿ ಇರುವ ಜಾಗದಲ್ಲಿ ಮ್ಯಾಟಿನ ಗೆರೆಗಳೆಲ್ಲ ಸವೆದು ನುಣ್ಣಗಾದವು.

ಅದಕ್ಕಿಂತ ದೊಡ್ಡ ತೊಡಕು ಮಾತಿನದು. ಭಯವಾದರೆ ನನಗೆ ಇಂಗ್ಲಿಷು ಬರುವುದಿಲ್ಲ. ಮಗಳಿಗೆ ಬರುವುದು ಅಡುಗೆಮನೆಯ ಕನ್ನಡ. ಬಾ, ತಿನ್ನು, ಬಿಸಿ ಇದೆ, ತಲೆ ಬಾಚ್ಕೋ, ಇವೆಲ್ಲ ಸಲೀಸು. ಎಡ ಬಲ ಮಾತ್ರ ಅವಳಿಗೆ ಒಂದೇ. ಹದಿನೈದು ವರ್ಷದಲ್ಲಿ ಆ ಎರಡು ಪದಗಳ ಅಗತ್ಯವೇ ನಮ್ಮ ಮನೆಯಲ್ಲಿ ಬಿದ್ದಿರಲಿಲ್ಲವೇನೋ. "ಬಲ ಅಂದ್ರೆ ಊಟದ ಕೈ" ಎಂದು ಹೇಳಿಕೊಟ್ಟೆ. ಮೂರು ವಾರ ಅವಳು ಪ್ರತಿ ತಿರುವಿಗೂ ಸ್ಟೀರಿಂಗಿನಿಂದ ಒಂದು ಕೈ ತೆಗೆದು ತುತ್ತು ಕಲೆಸುವ ಹಾಗೆ ಬೆರಳಾಡಿಸಿ, ಆಮೇಲೆ ತಿರುಗಿಸುತ್ತಿದ್ದಳು.

ಒಂದು ದಿನ ನಾಲ್ಕೂ ಕಡೆ ಸ್ಟಾಪ್ ಫಲಕವಿರುವ ಕೂಡುರಸ್ತೆ. ಮೊದಲು ಬಂದು ನಿಂತವರು ಮೊದಲು ಹೋಗಬೇಕು, ಒಟ್ಟಿಗೇ ಬಂದರೆ ಬಲಗಡೆಯವರಿಗೆ ದಾರಿ ಬಿಡಬೇಕು. ನಮ್ಮ ಸರದಿ ಬಂತು, ಇವಳು ಹೊರಡಲಿಲ್ಲ. ಹಿಂದಿನವನು ಹಾರ್ನು ಮಾಡಿದ. ನಾನು "ರೈಟ್, ರೈಟ್" ಎಂದೆ. ನೇರ ಹೋಗಬೇಕಿದ್ದವಳು ಬಲಕ್ಕೆ ತಿರುಗಿ ಯಾರದೋ ಮನೆಯ ಮುಂದೆ ಹೋಗಿ ನಿಂತಳು. ರೈಟ್ ಅಂದರೆ ಹೊರಡು ಎಂದು ಕೆಎಸ್‌ಆರ್‌ಟಿಸಿ ಬಸ್ಸಿನಲ್ಲಿ ಓಡಾಡದವಳಿಗೆ ಹೇಗೆ ಗೊತ್ತಾಗಬೇಕು? ಬಸ್ಸು, ಕಂಡಕ್ಟರು, ಸೀಟಿ, ಎಲ್ಲ ವಿವರಿಸಿದೆ. "ಹಾಗಾದ್ರೆ ನಿಲ್ಸೋಕೆ ಲೆಫ್ಟ್ ಅಂತಾರಾ?" ಎಂದಳು. "ಇಲ್ಲ, ಹೋಲ್ಡಾನ್ ಅಂತಾರೆ." ಅಂದಿನಿಂದ ನಮ್ಮ ಕಾರಿನಲ್ಲಿ ನಿಲ್ಲಿಸುವುದಕ್ಕೆ 'ಹೋಲ್ಡಾನ್' ಎಂಬುದೇ ಗಟ್ಟಿಯಾಯಿತು. ಕೇಳಿದ ತಕ್ಷಣ ಅವಳ ಕಾಲು ಬ್ರೇಕಿಗೆ ಹೋಗುತ್ತಿತ್ತು. ಇಷ್ಟು ವರ್ಷದ ಸಂಸಾರದಲ್ಲಿ ಇವರು ನನ್ನ ಯಾವ ಮಾತಿಗೂ ಅಷ್ಟು ಬೇಗ ನಿಂತದ್ದಿಲ್ಲ.

ಆದರೆ ನನ್ನನ್ನು ಸರಿಯಾಗಿ ಸಿಕ್ಕಿಸಿದ್ದು ಬೇರೆಯ ಪ್ರಶ್ನೆ. ಜನವರಿಯ ಒಂದು ಸಂಜೆ, ಕ್ಯಾಲೆಂಡರಿನಲ್ಲಿ ಹತ್ತೊಂಬತ್ತು ಗಂಟೆ ತುಂಬಿತ್ತು. ಅವಳು ಲೇನು ಬದಲಿಸುವಾಗ ನಾನು "ನೋಡ್ಕೊಂಡು, ನೋಡ್ಕೊಂಡು" ಎನ್ನುತ್ತಿದ್ದೆ. ಮನೆಗೆ ಬಂದು ಎಂಜಿನ್ ಆರಿಸಿದವಳು ಇಳಿಯಲಿಲ್ಲ.

"ಅಮ್ಮಾ, ನೋಡ್ಕೊಂಡ್ ಹೋಗು ಅಂತೀಯಲ್ಲ. ಏನನ್ನ ನೋಡ್ಬೇಕು? ಎಲ್ಲಿ?"

"ಎಲ್ಲಾ ಕಡೆ ನೋಡ್ಬೇಕು ಕಣೇ."

"ಎಲ್ಲಾ ಕಡೆ ಅಂದ್ರೆ ಫಸ್ಟ್ ಯಾವ ಕಡೆ?"

ತಲೆಹರಟೆ ಮಾಡುತ್ತಿದ್ದಾಳೆಂದು ನನಗೆ ಸಿಟ್ಟು ಬಂತು. ರಾತ್ರಿ ಮಲಗಿದಾಗ ಅವಳು ಕೇಳಿದ್ದರಲ್ಲಿ ಹರಟೆಯೇನೂ ಇರಲಿಲ್ಲ ಅನ್ನಿಸಿತು. ಅಪ್ಪ ಗೇಟಿನಲ್ಲಿ ನಿಂತು ಹೇಳುತ್ತಿದ್ದ ಮೂರು ಮಾತುಗಳಲ್ಲಿ ಒಂದರಲ್ಲೂ ಏನು ಮಾಡಬೇಕೆಂಬುದು ಇರಲಿಲ್ಲ. ಇದ್ದದ್ದು ಅವರ ಎದೆಯ ಡವಡವ. ಅದನ್ನು ಅವರು ನನ್ನ ಲೂನಾದ ಕ್ಯಾರಿಯರಿಗೆ ಕಟ್ಟಿ ಕಳಿಸುತ್ತಿದ್ದರು, ನಾನು ಅದನ್ನೇ ಕರೋಲಾದ ಮುಂದಿನ ಸೀಟಿನಲ್ಲಿ ಕೂತು ಬಡಿಸುತ್ತಿದ್ದೆ. ಮರುದಿನ ಇಲ್ಲಿ ಲೈಸೆನ್ಸು ಕೊಡುವ ಇಲಾಖೆಯಾದ ಡಿಎಂವಿಯವರ ಕೈಪಿಡಿ ಹಿಡಿದು ಕೂತೆ. ಲಿಖಿತ ಪರೀಕ್ಷೆಯನ್ನು ಹಿಂದಿಯಲ್ಲಿ, ಪಂಜಾಬಿಯಲ್ಲಿ ಬರೆಯಬಹುದು, ಆ ಪಟ್ಟಿಯಲ್ಲಿ ಕನ್ನಡ ನನಗೆ ಕಾಣಲಿಲ್ಲ. ಹಾಗಾಗಿ ನಾನೇ ಅನುವಾದಕ್ಕಿಳಿದೆ. 'ನೋಡ್ಕೊಂಡು' ಎಂದರೆ ಮೊದಲು ನಡುವಿನ ಕನ್ನಡಿ, ಆಮೇಲೆ ಪಕ್ಕದ ಕನ್ನಡಿ, ಆಮೇಲೆ ಹೆಗಲ ಮೇಲಿಂದ ಕತ್ತು ತಿರುಗಿಸಿ ಒಂದು ನೋಟ. ಪರೀಕ್ಷಕರು ನೋಡುವುದು ಕತ್ತು ತಿರುಗಿತೋ ಇಲ್ಲವೋ ಎಂಬುದನ್ನೇ. 'ಹುಷಾರು' ಎಂದರೆ ಮುಂದಿನ ಕಾರಿಗೂ ನಮಗೂ ನಡುವೆ ಮೂರು ಸೆಕೆಂಡು. ಮುಂದಿನ ಕಾರು ಒಂದು ಕಂಬ ದಾಟಿದ ಮೇಲೆ ಒಂದು ಸಾವಿರದ ಒಂದು, ಒಂದು ಸಾವಿರದ ಎರಡು ಎಂದು ಎಣಿಸುತ್ತಾ ಹೋಗಿ ನಾವು ಅದೇ ಕಂಬ ಮುಟ್ಟುವುದು. ಹೀಗೆ ಎರಡು ಮಾತು ಇತ್ಯರ್ಥವಾಯಿತು. ಮೂರನೆಯದಕ್ಕೆ ಅರ್ಥ ಹುಡುಕುವ ಗೊಡವೆಗೆ ಹೋಗಲಿಲ್ಲ. ನಿಧಾನ ಎಂದರೆ ನಿಧಾನ, ಅದರಲ್ಲಿ ಬಿಡಿಸಿ ಹೇಳುವುದೇನಿದೆ?

ರಾತ್ರಿಯ ಹತ್ತು ಗಂಟೆಗಳನ್ನು ಚಳಿಗಾಲದಲ್ಲೇ ಮುಗಿಸಿದೆವು. ಡಿಸೆಂಬರಿನಲ್ಲಿ ಐದಕ್ಕೇ ಕತ್ತಲಾಗುವುದರಿಂದ ಅದೊಂದು ಅನುಕೂಲ. ನೈಲ್ಸ್ ಕಣಿವೆಯ ರಸ್ತೆಯಲ್ಲಿ ಮಾತ್ರ ಹಗಲು ಎರಡು ಸಲ ಹೋಗಿದ್ದೆವು. ಒಂದು ಪಕ್ಕ ತೊರೆ, ಇನ್ನೊಂದು ಪಕ್ಕ ಬಂಡೆ, ನಮ್ಮ ಚಾರ್ಮಾಡಿಯನ್ನು ಚಪ್ಪಟೆ ಮಾಡಿ ಹಾಸಿದ ಹಾಗಿದೆ. ಅದರ ಬಾಯಲ್ಲಿರುವ ನೈಲ್ಸ್ ಎಂಬ ಪುಟ್ಟ ಪೇಟೆಯಲ್ಲೇ 1915ರಲ್ಲಿ ಚಾರ್ಲಿ ಚಾಪ್ಲಿನ್ 'ದಿ ಟ್ರ್ಯಾಂಪ್' ಚಿತ್ರೀಕರಿಸಿದ್ದು. ಕೊನೆಯಲ್ಲಿ ಅವನು ಬೆನ್ನು ತೋರಿಸಿ ಕುಲುಕುತ್ತಾ ನಡೆದುಹೋಗುವ ದಾರಿ ಇದೇ ಸುತ್ತಿನದು ಎಂದು ಮಗಳಿಗೆ ಹೇಳಿದೆ. ಕಣ್ಣು ರಸ್ತೆಯ ಮೇಲಿಟ್ಟುಕೊಂಡೇ, "ಅವನಿಗೆ ಲೈಸೆನ್ಸ್ ಇರ್ಲಿಲ್ಲ ಅನ್ಸುತ್ತೆ" ಎಂದಳು.

ಇನ್ನು ಪರೀಕ್ಷೆಗೆ ದಿನ ಗೊತ್ತುಮಾಡುವುದು. ಮದುವೆಗೆ ಛತ್ರ ಹುಡುಕಿದ ಅನುಭವವಿದ್ದರೆ ಇದು ಅರ್ಥವಾಗುತ್ತದೆ. ಪರ್ಮಿಟ್ಟಿಗೆ ಆರು ತಿಂಗಳು ತುಂಬುವುದು ಏಪ್ರಿಲ್ ಕೊನೆಗೆ. ಮೇ ಮೊದಲೆರಡು ವಾರ ಶಾಲೆಯಲ್ಲಿ ಎಪಿ ಎಂಬ ಕಾಲೇಜು ಮಟ್ಟದ ಪರೀಕ್ಷೆಗಳು. ಜೂನಿನಲ್ಲಿ ಶಾಲೆ ಮುಗಿದ ಕೂಡಲೇ ಊರಿನ ಹದಿನಾರರ ಮಕ್ಕಳೆಲ್ಲ ಒಟ್ಟಿಗೇ ನುಗ್ಗುತ್ತಾರೆ. ಮೊದಲ ದಿನ ಕಂಪ್ಯೂಟರಿನಲ್ಲಿ ನೋಡಿದಾಗ ಹತ್ತಿರದಲ್ಲಿ ಸಿಕ್ಕ ದಿನ ಜುಲೈಯದ್ದು, ಆ ಹೊತ್ತಿಗೆ ನಾವು ಭಾರತಕ್ಕೆ ಟಿಕೆಟ್ಟು ಮಾಡಿಸಿಯಾಗಿತ್ತು. ಕನ್ನಡ ಕೂಟದ ಯುಗಾದಿ ಊಟದ ಸಾಲಿನಲ್ಲಿ ನಾಲ್ಕು ಜನ ತಾಯಂದಿರು ಸೇರಿದರೆ ಇದೇ ಮಾತು. ಆ ಕಡೆಯ ಕಚೇರಿ ಸುಲಭವಂತೆ, ಈ ಕಡೆಯ ಪರೀಕ್ಷಕರು ಬಿಗಿಯಂತೆ, ಬೆಳಿಗ್ಗೆ ಆರಕ್ಕೆ ನೋಡಿದರೆ ಯಾರೋ ರದ್ದು ಮಾಡಿದ ಜಾಗ ಸಿಗುತ್ತದಂತೆ. 'ಅಂತೆ'ಗಳಲ್ಲಿ ಕೊನೆಯದು ನಿಜವಾಯಿತು. ಇವರು ಒಂಬತ್ತು ದಿನ ಅಲಾರಾಂ ಇಟ್ಟು ಎದ್ದು, ಬೆಟ್ಟದಾಚೆಯ ಒಂದು ಊರಿನಲ್ಲಿ ಮೇ 21, ಮಂಗಳವಾರ, ಮಧ್ಯಾಹ್ನ ಮೂರೂಕಾಲರ ಸಮಯ ಹಿಡಿದರು. ಶಾಲೆಯೂ ತಪ್ಪುವುದಿಲ್ಲ. ಹಬ್ಬದ ಸಂಭ್ರಮ.

ಸಂಜೆ ಫೋನಿನಲ್ಲಿ ಅಮ್ಮನಿಗೆ ಹೇಳಿದೆ. ಆ ಕಡೆಯಿಂದ ಸದ್ದೇ ಇಲ್ಲ. ಆಮೇಲೆ, "ಮಂಗಳವಾರ ಮೂರೂಕಾಲು ರಾಹುಕಾಲ ಅಲ್ವೇನೇ?" ನಾನು ವಾದಕ್ಕಿಳಿದೆ. ಇಲ್ಲಿ ಬೇಸಿಗೆಯಲ್ಲಿ ಸರ್ಕಾರದವರು ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುತ್ತಾರೆ, ರಾಹುವಿಗೆ ಅದನ್ನು ಯಾರೂ ಹೇಳಿರುವುದಿಲ್ಲ, ಆದ್ದರಿಂದ ಸೂರ್ಯನ ಲೆಕ್ಕದಲ್ಲಿ ಅದು ಎರಡೂಕಾಲು. "ನಿನ್ನ ಜಾಣತನ ನಿನಗೇ ಇರಲಿ. ಚಕ್ರದ ಕೆಳಗೆ ನಿಂಬೆಹಣ್ಣಾದರೂ ಇಡು" ಎಂದರು. ಹತ್ತು ವರ್ಷದ ಕೆಳಗೆ ಲಿವರ್‌ಮೋರ್ ದೇವಸ್ಥಾನದಲ್ಲಿ ಪೂಜೆ ಮಾಡಿಸಿದಾಗಲೇ ಇಟ್ಟಿದ್ದೇವೆ ಅಂದರೆ, ಅದರ ವಾಯಿದೆ ಮುಗಿದಿರುತ್ತದೆ ಎನ್ನುವುದು ಅಮ್ಮನ ವಾದ.

ಪರೀಕ್ಷೆಗೆ ನಮ್ಮ ಕಾರೇ ಹೋಗಬೇಕು, ಅದರ ರಿಜಿಸ್ಟ್ರೇಷನ್, ವಿಮೆಯ ಕಾಗದ ಬೇಕು. ಹೊರಡುವ ಮೊದಲು ಕಾರಿನ ತಪಾಸಣೆಯೂ ಇರುತ್ತದೆ. ಹಿಂದಿನ ರಾತ್ರಿ ನೋಡಿದರೆ ಎಡಗಡೆಯ ಬ್ರೇಕ್ ದೀಪ ಸತ್ತಿತ್ತು. ಎಷ್ಟು ದಿನದಿಂದಲೋ ಏನೋ, ಹಿಂದೆ ನಿಂತು ನೋಡಿದವರು ಯಾರು? ಇವರು ಮೊಬೈಲಿನ ಬೆಳಕಿನಲ್ಲಿ ಬಲ್ಬು ಬದಲಾಯಿಸುವಾಗ ಮಗಳು ಕೈಸನ್ನೆಗಳನ್ನು ಅಭ್ಯಾಸ ಮಾಡುತ್ತಿದ್ದಳು. ಕಿಟಕಿಯಿಂದ ಎಡಗೈ ನೇರ ಚಾಚಿದರೆ ಎಡಕ್ಕೆ, ಮೊಣಕೈಯಿಂದ ಮೇಲೆತ್ತಿದರೆ ಬಲಕ್ಕೆ, ಕೆಳಗಿಳಿಸಿದರೆ ನಿಲ್ಲುತ್ತೇನೆ ಎಂದು. ಇಂಡಿಕೇಟರ್ ಇರುವಾಗ ಇದೆಲ್ಲ ಯಾಕೆ ಎಂದು ಅವಳ ತಕರಾರು. ನನಗೆ ಮಾತ್ರ ಲಾರಿಯ ಕಿಟಕಿಯಿಂದ ಕೈ ಹೊರಗೆ ಹಾಕಿ, ಮುಂದೆ ಹೋಗು ಎಂದು ಬೆರಳಾಡಿಸುತ್ತಿದ್ದ ಕ್ಲೀನರ್ ಹುಡುಗರ ನೆನಪು. ಬಿ.ಎಚ್. ರೋಡಿನಲ್ಲಿ ನನಗೆ ಸಿಕ್ಕ ಡ್ರೈವಿಂಗ್ ಪಾಠವೆಂದರೆ ಅದೊಂದೇ.

ಪರೀಕ್ಷಕಿ ನರೆಗೂದಲಿನ, ಮೆಲುದನಿಯ ಹೆಂಗಸು. ಕೈಯಲ್ಲಿ ಹಲಗೆ, ಅದರ ಮೇಲೆ ಅಂಕದ ಹಾಳೆ. ನನ್ನನ್ನು ನೋಡಿ ನಕ್ಕು, ಹೊರಗಿನ ಬೆಂಚು ತೋರಿಸಿದರು. ನಮ್ಮ ಕಾರು ಗೇಟು ದಾಟಿ ಬಲಕ್ಕೆ ತಿರುಗಿತು. ನಾನಿಲ್ಲದ ಕಾರಿನಲ್ಲಿ ಅವಳನ್ನು ನೋಡಿದ್ದು ಅದೇ ಮೊದಲು. ಕಾರೇ ಬೇರೆಯವರದ್ದೆನ್ನಿಸಿತು. ಬೆಂಚಿನ ಮೇಲೂ ನನ್ನ ಕಾಲು ಸಿಮೆಂಟನ್ನು ಒತ್ತುತ್ತಿತ್ತು.

ಇಪ್ಪತ್ತು ನಿಮಿಷಕ್ಕೆ ವಾಪಸು ಬಂದರು. ಹದಿನೈದು ತಪ್ಪುಗಳವರೆಗೆ ಮಾಫಿ, ಅವಳದ್ದು ಆರೇ ಇದ್ದವು. ಕತ್ತು ತಿರುಗಿಸಿದ್ದು, ಸ್ಟಾಪಿನಲ್ಲಿ ನಿಂತದ್ದು, ಕಲ್ಲಂಚಿಗೆ ಸಮವಾಗಿ ಹಿಂದಕ್ಕೆ ಬಂದದ್ದು, ಎಲ್ಲ ಚೆನ್ನ. ಆದರೆ ಅದೇ ಹಾಳೆಯಲ್ಲಿ ಇನ್ನೊಂದು ಪಟ್ಟಿ ಇರುತ್ತದೆ, ಅದರಲ್ಲಿ ಒಂದೇ ಒಂದು ಗುರುತು ಬಿದ್ದರೂ ನಪಾಸು. ಸಿಗ್ನಲ್ ಮೀರಿದರೆ, ಯಾವುದಕ್ಕಾದರೂ ತಾಗಿಸಿದರೆ, ಪರೀಕ್ಷಕರೇ ಸ್ಟೀರಿಂಗಿಗೆ ಕೈ ಹಾಕಬೇಕಾಗಿ ಬಂದರೆ. ಇವಳಿಗೆ ಗುರುತು ಬಿದ್ದದ್ದು ವೇಗದ ಸಾಲಿನಲ್ಲಿ. ನಲವತ್ತು ಮೈಲಿಯ ರಸ್ತೆಯಲ್ಲಿ ಇಪ್ಪತ್ತೆಂಟರಲ್ಲಿ ಹೋಗಿದ್ದಳು. ಕಾರಣವಿಲ್ಲದೆ ಮಿತಿಗಿಂತ ಹತ್ತು ಮೈಲಿ ಕೆಳಗೆ ಹೋದರೂ ಅದು ಹತ್ತು ಮೈಲಿ ಮೇಲೆ ಹೋದಷ್ಟೇ ತಪ್ಪು. "ಹಿಂದಿನವರು ನಿನ್ನನ್ನು ಹಾದುಹೋಗಲು ಅಪಾಯ ಮಾಡಿಕೊಳ್ಳುತ್ತಾರೆ ಮಗು" ಎಂದು ಪರೀಕ್ಷಕಿ ಮೆಲ್ಲಗೆ ವಿವರಿಸಿದರು.

ವಾಪಸು ಬರುವಾಗ ನಾನೇ ಓಡಿಸಿದೆ. ಬೆಟ್ಟದ ಏರು ಮುಗಿಯುವವರೆಗೂ ಅವಳು ಕಿಟಕಿಯ ಕಡೆ ಮುಖ ಮಾಡಿದ್ದಳು. ಆಮೇಲೆ, "ಬೋರ್ಡ್ ನೋಡ್ದೆ ಅಮ್ಮ. ಫಾರ್ಟಿ ಅಂತಾನೇ ಇತ್ತು. ಕಾಲು ಹೋಗ್ಲಿಲ್ಲ" ಎಂದಳು.

ಕಾಲು ಯಾಕೆ ಹೋಗಲಿಲ್ಲ ಎಂಬುದು ನನಗೆ ಗೊತ್ತಿತ್ತು. ಮನೆಗೆ ಬಂದು ಕ್ಯಾಲೆಂಡರಿನ ಮುಂದೆ ನಿಂತೆ. ಐವತ್ತೆರಡು ಗಂಟೆ ಹತ್ತು ನಿಮಿಷ, ಒಂದೂ ಸುಳ್ಳಿಲ್ಲ. ಆದರೆ ಅದರಲ್ಲಿ ಬಹುಪಾಲು ಇಪ್ಪತ್ತೈದರ ಓಣಿಗಳು. ದೊಡ್ಡ ರಸ್ತೆಗೆ ಹೋದಾಗಲೆಲ್ಲ ಮುಳ್ಳು ಮೂವತ್ತು ದಾಟುತ್ತಿದ್ದಂತೆ ನನ್ನ ಬಾಯಿಂದ 'ನಿಧಾನ' ಬರುತ್ತಿತ್ತು, ಅವಳು ಕಾಲು ತೆಗೆಯುತ್ತಿದ್ದಳು. ವಿಧೇಯಳಾದ ಹುಡುಗಿ, ಪಕ್ಕದಲ್ಲಿ ನಾನಿಲ್ಲದಾಗಲೂ ತೆಗೆದಳು. ಐವತ್ತೆರಡು ಗಂಟೆಯಲ್ಲಿ ಒಮ್ಮೆಯಾದರೂ 'ಇನ್ನೂ ಜೋರಾಗಿ ಹೋಗು' ಅಂದಿದ್ದೆನಾ ಎಂದು ನೆನಪು ಮಾಡಿಕೊಂಡೆ. ಅಂದಿರಲಿಲ್ಲ. ಆ ವಿಯೆಟ್ನಾಮಿನ ಮುದುಕರು ನನಗೆ ದಿನವೂ ಹೇಳಿದ್ದೇ ಅದು, ನಾನು ಮಾತ್ರ ಮಗಳಿಗೆ ದಾಟಿಸಿದ್ದು ಅಪ್ಪನ ಮಾತನ್ನು.

ಹದಿನೆಂಟರೊಳಗಿನವರು ನಪಾಸಾದರೆ ಎರಡು ವಾರ ಕಾಯಬೇಕು. ಇವರು ಮತ್ತೆ ಅಲಾರಾಂ ಇಟ್ಟರು. ಜೂನ್ 7, ಶುಕ್ರವಾರ, ಹನ್ನೊಂದೂ ನಲವತ್ತು. ಶುಕ್ರವಾರದ ರಾಹುಕಾಲ ಹತ್ತೂವರೆಯಿಂದ ಹನ್ನೆರಡು. ಈ ಸಲ ಸರ್ಕಾರದ ಗಡಿಯಾರದಲ್ಲೂ ರಾಹುಕಾಲ, ಸೂರ್ಯನ ಗಡಿಯಾರದಲ್ಲೂ ರಾಹುಕಾಲ. ಅಮ್ಮನಿಗೆ ಹೇಳಲಿಲ್ಲ.

ಆ ಎರಡು ವಾರ ನಾನು ಒಂದೇ ಪದ ಕಲಿತೆ: 'ಒತ್ತು'. ಸಂಜೆ ಊಟ ಮುಗಿಸಿ ನಲವತ್ತರ, ನಲವತ್ತೈದರ ರಸ್ತೆಗಳಿಗೆ ಹೋಗುತ್ತಿದ್ದೆವು. ಮುಳ್ಳು ಮೂವತ್ತಕ್ಕೆ ಬಂದು ನಿಲ್ಲುತ್ತಿತ್ತು. ನಾನು ಸೀಟಿನ ಅಂಚು ಹಿಡಿದುಕೊಂಡು "ಒತ್ತು" ಎನ್ನುತ್ತಿದ್ದೆ. ಹೆತ್ತ ಮಗಳಿಗೆ, ಲೋಹದ ಡಬ್ಬಿಯೊಳಗೆ ಕೂತವಳಿಗೆ, ಇನ್ನೂ ಜೋರಾಗಿ ಹೋಗು ಎಂದು ಹೇಳಲು ಗಂಟಲಿಗೆ ಎಷ್ಟು ಕಷ್ಟವಾಗುತ್ತದೆಂದು ಅಲ್ಲಿಯವರೆಗೆ ತಿಳಿದಿರಲಿಲ್ಲ. ಮೊದಲ ದಿನ ನನ್ನ ದನಿ ಎಷ್ಟು ಸಣ್ಣದಾಗಿತ್ತೆಂದರೆ ಅವಳು, "ಏನಂದೆ?" ಎಂದು ಇನ್ನಷ್ಟು ನಿಧಾನ ಮಾಡಿದಳು. "ಒತ್ತು ಕಣೇ, ಒತ್ತು!" ಅವಳಿಗೆ ನಗು ಬಂತು. ಚಿಕ್ಕವಳಿದ್ದಾಗ ಎರಡು ವರ್ಷ ಶನಿವಾರದ ಕನ್ನಡ ತರಗತಿಗೆ ಹೋಗಿದ್ದಳು. ಕಲಿತದ್ದೆಲ್ಲ ಮರೆತಿದ್ದರೂ ಒತ್ತಕ್ಷರದ ಕಾಟ ಮಾತ್ರ ಮರೆತಿರಲಿಲ್ಲ. "ಯಾವ ಒತ್ತು ಅಮ್ಮ? ಕ ಒತ್ತಾ, ತ ಒತ್ತಾ?" ಎಂದು ಕೇಳುತ್ತಲೇ ಒತ್ತಿದಳು. ಮೂವತ್ತೈದು. ಮೂವತ್ತೆಂಟು. ನಲವತ್ತರಲ್ಲಿ ಮುಳ್ಳು ನಿಂತಿತು. ಏನೂ ಆಗಲಿಲ್ಲ. ಕಾರು ಮೊದಲಿಗಿಂತ ಸಮವಾಗಿ ಹೋಗುತ್ತಿತ್ತು. ಪಕ್ಕದ ಲೇನಿನವರು ನಮ್ಮನ್ನು ತಿರುಗಿ ನೋಡುವುದನ್ನೂ ಬಿಟ್ಟಿದ್ದರು.

ಹತ್ತನೆಯ ದಿನ ನಾನು 'ಒತ್ತು' ಎನ್ನುವ ಮೊದಲೇ ಒತ್ತಿದಳು. ಅಂದು ಮನೆಗೆ ಬಂದು 680ರ ಹೆದ್ದಾರಿಯ ಅರ್ಧ ಗಂಟೆಯನ್ನು ಕ್ಯಾಲೆಂಡರಿನಲ್ಲಿ ಬರೆಯುವಾಗ ಕೈ ನಡುಗಿದ್ದು ನಿಜ. ಸಂತೋಷಕ್ಕೆ ಎಂದು ಇವರಿಗೆ ಹೇಳಿದೆ.

ಶುಕ್ರವಾರ ಬೇರೆ ಪರೀಕ್ಷಕರು, ಮಾತೇ ಆಡದವರು. ಒಂಬತ್ತು ತಪ್ಪು, ಪಾಸು. ಒಂದು ಕಾಗದದ ತಾತ್ಕಾಲಿಕ ಲೈಸೆನ್ಸು ಕೊಟ್ಟರು. ಒಂದು ವರ್ಷ ರಾತ್ರಿ ಹನ್ನೊಂದರಿಂದ ಬೆಳಿಗ್ಗೆ ಐದರವರೆಗೆ ಒಬ್ಬಳೇ ಓಡಿಸುವಂತಿಲ್ಲ, ದೊಡ್ಡವರು ಜೊತೆಗಿಲ್ಲದೆ ಇಪ್ಪತ್ತರೊಳಗಿನ ಸ್ನೇಹಿತರನ್ನು ಕೂರಿಸಿಕೊಳ್ಳುವಂತಿಲ್ಲ. ಅಮ್ಮನಿಗೆ ಫೋನು ಮಾಡಿದೆ. "ಯಾವ ಹೊತ್ತಿನಲ್ಲಿ?" ಎಂದರು. "ಮಧ್ಯಾಹ್ನ" ಎಂದೆ.

ಭಾನುವಾರ ಬೆಳಿಗ್ಗೆ ಸಾರಿಗೆ ಕೊತ್ತಂಬರಿ ಸೊಪ್ಪು ಇರಲಿಲ್ಲ. ಇರಲಿಲ್ಲವೋ, ಇಲ್ಲದ ಹಾಗೆ ನಾನೇ ನೋಡಿಕೊಂಡಿದ್ದೆನೋ, ಈಗ ನೆನಪಿಲ್ಲ. ಒಂದೂವರೆ ಮೈಲಿ ದೂರದ ಸೂಪರ್ ಮಾರ್ಕೆಟ್ಟಿಗೆ ಅವಳನ್ನು ಕಳಿಸುವುದೆಂದಾಯಿತು. ಕೀ ತೆಗೆದುಕೊಂಡು ಹೊರಟಳು. ನಾನು ಸೌಟು ಹಿಡಿದುಕೊಂಡೇ ಗ್ಯಾರೇಜಿನ ಬಾಗಿಲವರೆಗೆ ಹೋದೆ. ಕಿಟಕಿಯ ಗಾಜು ಇಳಿಸಿ, ಏನಾದರೂ ಹೇಳುತ್ತೇನೆಂದು ಕಾದಳು. ಮೂರು ಮಾತೂ ನಾಲಗೆಯ ತುದಿಯವರೆಗೆ ಬಂದವು.

"ಎಳೇ ಸೊಪ್ಪು ನೋಡ್ಕೊಂಡು ತಗೋ" ಎಂದೆ.

ನಲವತ್ತು ನಿಮಿಷವಾಯಿತು. ಬೇಳೆ ಬೆಂದು, ಹುಳಿ ಕುದ್ದು, ಒಗ್ಗರಣೆಯೂ ಆಯಿತು. ಇವರು ಪೇಪರು ತಲೆಕೆಳಗಾಗಿ ಹಿಡಿದಿದ್ದರೋ ಏನೋ, ಪುಟ ಮಾತ್ರ ತಿರುಗಲಿಲ್ಲ. ಕೊನೆಗೆ ಗ್ಯಾರೇಜಿನ ಬಾಗಿಲು ಏಳುವ ಸದ್ದು ಕೇಳಿತು. ಒಳಗೆ ಬಂದವಳು ಕಟ್ಟೆಯ ಮೇಲೆ ಒಂದು ಕಟ್ಟು ಇಟ್ಟಳು. ದಟ್ಟ ಹಸಿರು, ಸುರುಟಿದ ಎಲೆ.

"ಪಾರ್ಸ್ಲಿ ಕಣೇ ಇದು!"

"ನೋಡ್ಕೊಂಡೇ ತಂದೆ ಅಮ್ಮ. ಎಲ್ಲಾದಕ್ಕಿಂತ ಇದೇ ಚೆನ್ನಾಗಿತ್ತು."

ಮತ್ತೆ ಹೋಗಿ ತರುತ್ತೇನೆಂದು ಕೀ ಎತ್ತಿಕೊಂಡಳು. ಬೇಡ ಎಂದು ಕಟ್ಟು ತೆಗೆದುಕೊಂಡು, ತೊಳೆದು, ಸಣ್ಣಗೆ ಹೆಚ್ಚಿ ಸಾರಿಗೆ ಹಾಕಿದೆ.